ಋಣವೂ ವಿಶ್ವಾಸಾರ್ಹತೆಯೂ

ಸಾಲವನ್ನು ತೀರಿಸದೆ ಉಳಿದವನು ವಿಶ್ವಾಸಕ್ಕೆ ಅನರ್ಹನೇ? ಗೃಹಸ್ಥರಿಗೆ ಈ ಪ್ರಶ್ನೆಯು ಹೊಸದಲ್ಲ. ಊರಿನ ಭಂಡಾರದ ಬೀಗದ ಕೈಯನ್ನು ಒಬ್ಬನಿಗೆ ಒಪ್ಪಿಸುವ ಮೊದಲು ಹಿರಿಯರು ಅವನ ಲೇವಾದೇವಿಯನ್ನು ವಿಚಾರಿಸುವುದುಂಟು. ಇದೇ ಪ್ರಶ್ನೆಯನ್ನು ಅಮೆರಿಕಾ ಸಂಯುಕ್ತ ಸಂಸ್ಥಾನವು ರಾಜ್ಯರಹಸ್ಯಗಳ ವಿಷಯದಲ್ಲಿ ಲಿಖಿತ ನಿಯಮದಿಂದ ನಿರ್ಣಯಿಸುತ್ತದೆ. ಆ ನಿಯಮದ ತಿರುಳನ್ನು ವಿಚಾರಿಸಿದರೆ ಋಣದ ಧರ್ಮಸೂಕ್ಷ್ಮವು ವಿಶದವಾಗುತ್ತದೆ.

ಅಲ್ಲಿ ರಕ್ಷಣೆ, ಬೇಹು ಮೊದಲಾದ ಇಲಾಖೆಗಳಲ್ಲಿಯೂ, ಅವುಗಳ ಗುತ್ತಿಗೆ ಹಿಡಿದ ಕಂಪನಿಗಳಲ್ಲಿಯೂ ಗುಪ್ತ ಕಾಗದಪತ್ರಗಳನ್ನು ನೋಡಬೇಕಾದವರು ಮೊದಲು ಭದ್ರತಾ ಅನುಮತಿಯನ್ನು ಪಡೆಯಬೇಕು. 2017ರ ಜೂನ್ 8ರಿಂದ ಜಾರಿಗೆ ಬಂದ ನಿರ್ದೇಶವು ಇದಕ್ಕೆ 13 ಒರೆಗಲ್ಲುಗಳನ್ನು ವಿಧಿಸಿದೆ. ಅವುಗಳಲ್ಲಿ ಆರನೆಯದು ಹಣಕಾಸಿನದು. ಆದಾಯವನ್ನು ಮೀರಿ ಬಾಳುವುದೂ ಕೊಡಬೇಕಾದುದನ್ನು ಕೊಡದಿರುವುದೂ ಆತ್ಮಸಂಯಮದ ಕೊರತೆಯನ್ನು ಸೂಚಿಸಬಹುದು. ಮುಗ್ಗಟ್ಟಿಗೆ ಸಿಕ್ಕಿದವನು ಅಕ್ರಮಕ್ಕೆ ಕೈಹಾಕುವ ಅಪಾಯವೂ ಹೆಚ್ಚು ಎಂಬುದು ಅದರ ಅಭಿಪ್ರಾಯ.

ಈ ಭಯವು ನಿರಾಧಾರವಾದುದಲ್ಲ. ಅಮೆರಿಕಾದ ಬೇಹುಸಂಸ್ಥೆಯಾದ ಸಿ.ಐ.ಎ.ಯಲ್ಲಿದ್ದ ಆಲ್ಡ್ರಿಚ್ ಏಮ್ಸ್ ಎಂಬುವನು 1985ರಲ್ಲಿ ಸಾಲದ ಒತ್ತಡಕ್ಕೆ ಸಿಲುಕಿ ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರತೊಡಗಿದನು. ಅವನಿಂದ ಗುಟ್ಟು ರಟ್ಟಾದ ಹಲವರು ಮರಣದಂಡನೆಗೆ ಗುರಿಯಾದರು. 1989ರಲ್ಲಿ ಅವನು 5,40,000 ಡಾಲರುಗಳ ಮನೆಯನ್ನು ರೊಕ್ಕ ಕೊಟ್ಟು ಕೊಂಡನು. ಆದರೂ ಅವನ ಬಂಧನವಾದುದು 1994ರಲ್ಲಿ. ಆದುದರಿಂದಲೇ ಸಾಲದಂತೆ, ಮೂಲ ತಿಳಿಯದ ಸಿರಿಯೂ ಈ ನಿಯಮದಲ್ಲಿ ಸಂದೇಹಕ್ಕೆ ಕಾರಣವೆನಿಸಿದೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಸಾಲಗಾರರು ಅಸಂಖ್ಯಾತರು, ದ್ರೋಹಿಗಳು ವಿರಳ. ಒಬ್ಬನ ಪಾಪಕ್ಕಾಗಿ ಬಡವರೆಲ್ಲರನ್ನೂ ಶಂಕಿಸುವುದು ನ್ಯಾಯವೇ? ಬಡತನವೇ ದೋಷವೆಂದಿದ್ದರೆ ಅದು ಅನ್ಯಾಯವೇ ಸರಿ. ಆದರೆ ನಿಯಮವು ಹಾಗೆನ್ನುವುದಿಲ್ಲ. ಉದ್ಯೋಗನಷ್ಟ, ರೋಗ, ಮನೆಯವರ ಮರಣ, ವಿವಾಹವಿಚ್ಛೇದನ ಮುಂತಾದ ಕೈಮೀರಿದ ಕಾರಣಗಳನ್ನು ಅದು ಮನ್ನಿಸುತ್ತದೆ. ಆದರೆ ಆ ಸಂಕಟದಲ್ಲಿ ಅವನು ಹೊಣೆಯರಿತು ನಡೆದನೇ ಎಂದೂ ಕೇಳುತ್ತದೆ. ಸಾಲ ಕೊಟ್ಟವರನ್ನು ಕಂಡು ಕಂತು ಗೊತ್ತುಮಾಡಿ ತಪ್ಪದೆ ಸಲ್ಲಿಸುತ್ತಿರುವವನ ಬಾಕಿಯು ದೊಡ್ಡದಾದರೂ ಅನುಮತಿ ದೊರೆಯಬಹುದು. ವಾಯಿದೆ ಮೀರಿದ ಸಾಲಕ್ಕಾಗಿ ಕೋರ್ಟು ಇನ್ನು ಕರೆಯದೆಂದು ಸುಮ್ಮನಿದ್ದವನ ನಡೆಯು ಮಾತ್ರ ಪ್ರಾಮಾಣಿಕ ಪ್ರಯತ್ನವೆನಿಸುವುದಿಲ್ಲ. ಕಾಯಿದೆಯು ಬಿಡಿಸಿದ ಕಟ್ಟನ್ನು ಧರ್ಮವು ಬಿಡಿಸಲಿಲ್ಲವೆಂಬುದೇ ಇದರ ತಾತ್ಪರ್ಯ.

ಅರ್ಜಿಯಲ್ಲಿ ಹಿಂದಿನ ಏಳು ವರ್ಷಗಳ ಬಾಕಿಗಳನ್ನು ತಿಳಿಸಬೇಕು. ಬೇಕೆಂದೇ ಮರೆಮಾಚಿದರೆ ಅದು ನಡತೆಯ ದೋಷವಾಗಿ ಬೇರೆಯೇ ಪರಿಗಣಿತವಾಗುತ್ತದೆ. ಹೀಗಾಗಿ ಒಪ್ಪಿಕೊಂಡ ದೊಡ್ಡ ಸಾಲಕ್ಕಿಂತ ಬಚ್ಚಿಟ್ಟ ಸಣ್ಣ ಸಾಲವು ಹೆಚ್ಚು ಕೇಡು ಮಾಡಬಹುದು.

ಆದರೂ ಒಂದು ಕಾಠಿಣ್ಯವು ಉಳಿಯುತ್ತದೆ. ಈ ಅನುಮತಿಯು ಯಾರ ಹಕ್ಕೂ ಅಲ್ಲವೆಂದು 1988ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ಸಂದೇಹ ಉಳಿದರೆ ತೀರ್ಪು ರಾಷ್ಟ್ರದ ಪಕ್ಷಕ್ಕೆ. ನಿರಪರಾಧಿಯೂ ಇದರಿಂದ ಜೀವನೋಪಾಯವನ್ನು ಕಳೆದುಕೊಳ್ಳಬಹುದು. ಗುತ್ತಿಗೆ ಕಂಪನಿಗಳ ನೌಕರರ ವಿಷಯದಲ್ಲಿ 1960ರ ಅಧ್ಯಕ್ಷರ ಆಜ್ಞೆಯು, ಇಂತಹ ನಿರಾಕರಣೆಯು ವ್ಯಕ್ತಿಯ ದೇಶನಿಷ್ಠೆಯ ಕುರಿತ ತೀರ್ಪಲ್ಲವೆಂದು ಸ್ಪಷ್ಟಪಡಿಸಿದೆ. ಈ ವಿವೇಕವು ಲೋಕಕ್ಕೆಲ್ಲ ಸಲ್ಲತಕ್ಕದ್ದು: ಬೀಗದ ಕೈ ಕೊಡದಿರಲು ಕಾರಣವಿರಬಹುದು, ಅದರಿಂದ ಅವನನ್ನು ಕಳ್ಳನೆನ್ನಲು ಯಾರಿಗೂ ಅಧಿಕಾರವಿಲ್ಲ.

ಸಾಲವು ಯಾರನ್ನಾದರೂ ಹಿಡಿಯಬಹುದು. ಕೊಟ್ಟವನನ್ನು ಕಂಡು ಮುಖ ತಪ್ಪಿಸಿಕೊಳ್ಳುವುದೋ, ಎದುರು ನಿಂತು ಇದ್ದುದನ್ನು ಇದ್ದಂತೆ ಹೇಳುವುದೋ ಎಂಬುದು ಮಾತ್ರ ಸಾಲಗಾರನ ಕೈಯಲ್ಲಿದೆ. ವಿಶ್ವಾಸಾರ್ಹತೆಯನ್ನು ಅಳೆಯಬೇಕಾದುದು ಅಲ್ಲಿಯೇ.