ನಂಬಿದವರನ್ನು ಪರೀಕ್ಷಿಸಬಹುದೇ?

ನಂಬಿಕೆಯಿರುವೆಡೆ ಪರೀಕ್ಷೆಗೆ ಸ್ಥಳವಿಲ್ಲವೆಂಬುದು ನಮ್ಮಲ್ಲಿ ಬಹುಕಾಲದಿಂದ ಬೇರೂರಿದ ಭಾವನೆ. ಬಂಧುವಿಗೆ ಸಾಲ ಕೊಟ್ಟು ಪತ್ರ ಬರೆಸಿಕೊಳ್ಳಲು ನಮಗೆ ಸಂಕೋಚ. ಹಿರಿಯರು ಎಣಿಸಿ ಕೊಟ್ಟ ಹಣವನ್ನು ಅವರೆದುರೇ ಮತ್ತೆ ಎಣಿಸುವುದು ಅವಿನಯ. ನಾನೂ ಇದೇ ಭಾವನೆಯಲ್ಲಿ ಬೆಳೆದವನು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಇದನ್ನೇ ಕಲಿಸಿದವನು. ಆದರೆ ಕಳೆದ ಮಾಗಿಯಲ್ಲಿ ಒಂದು ಬಂಡೆಯ ಬುಡದಲ್ಲಿ ಕುಳಿತು ಕಂಡ ದೃಶ್ಯವು ನನ್ನನ್ನು ಕೇಳಿತು: ನಂಬಿದವರನ್ನು ಪರೀಕ್ಷಿಸುವುದು ನಂಬಿಕೆಗೆ ಮಾಡುವ ಅಪಚಾರವೇ?

ರಾಯದುರ್ಗದ ಕೋಟೆಬೆಟ್ಟದ ನೆರಳಿನಲ್ಲಿ ಬೆಳೆದ ನಮಗೆ ಬಂಡೆಗಳು ಹೊಸವಲ್ಲ. ಬಾಲ್ಯದಲ್ಲಿ ಬರಿಗಾಲಲ್ಲಿ ಹತ್ತಿದ್ದೇವೆ, ಇಳಿಯಲಾರದೆ ಅತ್ತಿದ್ದೇವೆ. ಹಗ್ಗ ಕಟ್ಟಿಕೊಂಡು ಕ್ರಮವಾಗಿ ಏರುವುದನ್ನು ನಾನು ಕಂಡದ್ದು ಮಾತ್ರ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗಳೊಡನೆ ರಾಮನಗರದ ಕಡೆಗೆ ಹೋದಾಗಲೇ. ಸುಮಾರು 25 ಮೀಟರ್ ಎತ್ತರದ, ನೆಟ್ಟಗೆ ನಿಲ್ಲದೆ ಹಿಂದಕ್ಕೆ ಒರಗಿದ ಗ್ರಾನೈಟ್ ಬಂಡೆಯದು. ಕೆಲವು ಮೀಟರುಗಳಿಗೊಂದರಂತೆ ಉಕ್ಕಿನ ಬೋಲ್ಟುಗಳನ್ನು ಕೊರೆದು ಕೂರಿಸಿದ್ದರು. ಕೈಗೆ ಹಿಡಿಯಲು ಹೆಚ್ಚೇನೂ ಇಲ್ಲ. ಶೂಗಳ ರಬ್ಬರ್ ಅಟ್ಟೆಗೂ ಕಲ್ಲಿಗೂ ನಡುವಣ ಘರ್ಷಣೆಯೇ ಆಧಾರ. ಹೆದರಿ ಬಂಡೆಯನ್ನು ತಬ್ಬಿದರೆ ಪಾದದ ಒತ್ತು ತಪ್ಪಿ ಜಾರುತ್ತದೆ. ಮೈಯನ್ನು ತುಸು ದೂರವಿರಿಸಿ, ಹಿಮ್ಮಡಿ ತಗ್ಗಿಸಿ, ಪುಟ್ಟ ಹೆಜ್ಜೆಗಳಲ್ಲಿ ಭಾರವನ್ನೆಲ್ಲ ಪಾದಕ್ಕೆ ಒಪ್ಪಿಸಬೇಕು. ಬಂಡೆ ಒದ್ದೆಯಾಗಿದ್ದರೆ ಹತ್ತುವ ಮಾತೇ ಇಲ್ಲ. ಹತ್ತಿರದಲ್ಲಿ ಹೆಜ್ಜೇನು ಕಂಡರೂ ಹಿಂದಿರುಗುವುದೇ ವಿವೇಕ.

ನನ್ನನ್ನು ತಡೆದು ನಿಲ್ಲಿಸಿದ್ದು ಏರುವಿಕೆಯಲ್ಲ, ಅದಕ್ಕೆ ಮೊದಲಿನ ಎರಡು ನಿಮಿಷ. ಮೊಮ್ಮಗಳೂ ಅವಳ ಗೆಳತಿಯೂ ಎದುರುಬದುರು ನಿಂತರು. ಸೊಂಟದ ಪಟ್ಟಿ ಬಿಗಿಯಾಗಿದೆಯೇ, ಹಗ್ಗವು ಪಟ್ಟಿಯ ಮೇಲಿನ ಕೆಳಗಿನ ಎರಡೂ ಕುಣಿಕೆಗಳಲ್ಲಿ ಹಾದಿದೆಯೇ, ಎಂಟರ ಆಕಾರದ ಗಂಟು ಪೂರ್ತಿಯಾಗಿದೆಯೇ ಎಂದು ಗೆಳತಿ ಕೈಯಿಂದ ಎಳೆದು ನೋಡಿದಳು. ಕೆಳಗೆ ನಿಂತು ಹಗ್ಗ ಹಿಡಿಯುವ ಗೆಳತಿಯ ಸಾಧನದಲ್ಲಿ ಹಗ್ಗ ಸರಿಯಾಗಿ ಕೂತಿದೆಯೇ, ಕೊಂಡಿಯ ತಿರುಪು ಮುಚ್ಚಿದೆಯೇ ಎಂದು ಮೊಮ್ಮಗಳು ನೋಡಿದಳು. 60 ಮೀಟರ್ ಹಗ್ಗದ ಇನ್ನೊಂದು ತುದಿಗೂ ಒಂದು ಗಂಟು ಹಾಕಿದ್ದರು. ಇಳಿಸುವಾಗ ಹಗ್ಗ ಸಾಲದೆ ಬಂದರೆ ತುದಿಯು ಸಾಧನದಿಂದ ನುಸುಳಿ ಹೋಗಬಾರದಲ್ಲ! ಮೇಲೆ ಮುಟ್ಟಿದ ಮೇಲೆ ಗೆಳತಿಯೇ ಹಗ್ಗದಿಂದ ಇಳಿಸುವುದೋ ಅಥವಾ ತಾನೇ ಇಳಿದು ಬರುವುದೋ ಎಂಬುದನ್ನೂ ನೆಲದ ಮೇಲೇ ನಿಶ್ಚಯಿಸಿಕೊಂಡರು. ಮೇಲಿನಿಂದ ಕೂಗಿದ ಮಾತನ್ನು ತಪ್ಪಾಗಿ ಕೇಳಿ ಕೆಳಗಿನವರು ಹಗ್ಗ ಬಿಟ್ಟುಬಿಡುವ ಅಪಾಯವಿದೆಯಂತೆ.

"ಎಷ್ಟು ವರ್ಷದ ಸ್ನೇಹ ನಿಮ್ಮದು? ಆದರೂ ಇಷ್ಟು ಅನುಮಾನವೇ?" ಎಂದೆ.

"ಅವಳ ಮೇಲೆ ಅನುಮಾನ ಇಲ್ಲ ತಾತ. ಆದರೆ ನಮ್ಮ ಸ್ನೇಹ ಗಂಟಿಗೆ ಗೊತ್ತಿಲ್ಲವಲ್ಲ!" ಎಂದು ನಕ್ಕಳು.

ಆಮೇಲೆ ಅವಳು ಹೇಳಿದ ಸಂಗತಿಯಿದು. ಅಮೆರಿಕದ ಲಿನ್ ಹಿಲ್ ಜಗತ್ತಿನ ಶ್ರೇಷ್ಠ ಶಿಲಾರೋಹಿಗಳಲ್ಲೊಬ್ಬರು. 1989ರಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಬಂಡೆಯಲ್ಲಿ ಅವರು ಗಂಟನ್ನು ಪೂರ್ತಿಗೊಳಿಸಲು ಮರೆತು ಹತ್ತಿದರು. ಮೇಲೆ ಮುಟ್ಟಿ ಇಳಿಯಲೆಂದು ಹಗ್ಗಕ್ಕೆ ಮೈಭಾರ ಬಿಟ್ಟಾಗ ಹಗ್ಗ ಕಳಚಿತು. ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಕ್ಕೆ ಬಿದ್ದರೂ ಮರವೊಂದು ತಡೆದು ಜೀವ ಉಳಿಯಿತು. ನಾಲ್ಕು ವರ್ಷಗಳ ಬಳಿಕ ಯೊಸೆಮಿಟಿಯ ಎಲ್ ಕ್ಯಾಪಿಟನ್ ಶಿಖರದ 'ನೋಸ್' ಮಾರ್ಗವನ್ನು ಕೈಕಾಲುಗಳ ಬಲದಿಂದಲೇ ಮೊದಲಿಗೆ ಏರಿದವರೂ ಅವರೇ. ಅವರ ಸಾಮರ್ಥ್ಯದಲ್ಲಿ ಕೊರತೆಯಿರಲಿಲ್ಲ. ಅಂದು ಇಲ್ಲದಿದ್ದುದು ಆ ಗಂಟಿನ ಮೇಲೆ ಇನ್ನೊಬ್ಬರ ಕಣ್ಣು.

ಈ ಮಾತು ಕೇಳುತ್ತಿದ್ದಂತೆ ನನಗೆ ನನ್ನದೇ ಒಂದು ಸಹಿ ನೆನಪಾಯಿತು. ಗಡಿಭಾಗದ ಒಂದು ಕನ್ನಡ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದ ಮೊದಲ ವರ್ಷಗಳು. ಹತ್ತನೆಯ ತರಗತಿಯ ಪರೀಕ್ಷೆಗೆ ಕಳುಹಿಸುವ ವಿದ್ಯಾರ್ಥಿಗಳ ಯಾದಿಯನ್ನು ನನಗಿಂತ ಹಿರಿಯರಾದ ಸಹೋದ್ಯೋಗಿಯೊಬ್ಬರು ಸಿದ್ಧಪಡಿಸಿ ತಂದರು. ದಾಖಲಾತಿ ಪುಸ್ತಕ ತರಿಸಿ ತಾಳೆ ನೋಡಬೇಕಿತ್ತು. ಅವರೆದುರು ಹಾಗೆ ಮಾಡಲು ಮನಸ್ಸು ಬಾರದೆ ಸಹಿ ಹಾಕಿದೆ. ಒಬ್ಬ ಹುಡುಗನ ಜನ್ಮವರ್ಷ 1978ರ ಬದಲು 1975 ಎಂದಾಗಿತ್ತು. ಮುಂದೆ ನೇಮಕಾತಿಯೊಂದರಲ್ಲಿ ವಯಸ್ಸು ಮೀರಿದೆಯೆಂದು ಅವನ ಅರ್ಜಿ ತಿರಸ್ಕೃತವಾಯಿತು. ತಿದ್ದುಪಡಿಗಾಗಿ ಅವನು ಅಲೆದು ಮುಗಿಸುವಷ್ಟರಲ್ಲಿ ನಿಜವಾದ ವಯಸ್ಸೂ ಮಿತಿಯನ್ನು ದಾಟಿತ್ತು. ಬರೆಯುವಾಗ ತಪ್ಪಿದ ಕೈ ಅವರದು, ಸಹಿ ನನ್ನದು. ಹಿರಿಯರಿಗೆ ನಾನು ತೋರಿದ ಗೌರವದ ಬೆಲೆಯನ್ನು ಆ ಹುಡುಗ ತೆತ್ತ. ನಿಜ ಹೇಳಬೇಕೆಂದರೆ ಅದು ಗೌರವವೂ ಅಲ್ಲ. ಅವರ ಮುಖ ಬಾಡುವುದನ್ನು ನೋಡಲಾರದ ನನ್ನ ಅಳುಕು.

ಹಾಗಾದರೆ ಎಲ್ಲರೂ ಎಲ್ಲರನ್ನೂ ಸದಾ ಪರೀಕ್ಷಿಸುತ್ತಿರಬೇಕೇ? ಗಂಡ ಹೆಂಡತಿಯ ಚೀಲ ತಡಕಾಡುವುದೂ, ತಂದೆ ಮಗಳ ಪತ್ರ ಒಡೆಯುವುದೂ ಪರೀಕ್ಷೆಯೇ ಅಲ್ಲವೇ ಎಂದು ಕೇಳಬಹುದು. ಅಲ್ಲವೆಂದೇ ನನ್ನ ಉತ್ತರ. ಬಂಡೆಯ ಬುಡದಲ್ಲಿ ನಡೆದ ಪರೀಕ್ಷೆ ಎದುರೆದುರೇ ನಡೆಯಿತು, ಬೆನ್ನ ಹಿಂದೆ ಅಲ್ಲ. ಅವಳು ಇವಳನ್ನು ನೋಡಿದಳು, ಇವಳು ಅವಳನ್ನು ನೋಡಿದಳು. ಹೊಸಬರು ಹಳಬರು ಎಂಬ ಭೇದವಿರಲಿಲ್ಲ. ಇಬ್ಬರೂ ನೋಡಿದ್ದು ಗಂಟನ್ನು, ಗುಣವನ್ನಲ್ಲ. ಒಂದೇ ದಿಕ್ಕಿನಲ್ಲಿ, ಮರೆಯಲ್ಲಿ, ವ್ಯಕ್ತಿಯ ಶೀಲವನ್ನೇ ತೂಗುವ ನೋಟ ಕಾವಲಾಗುತ್ತದೆ. ಅದು ಸ್ನೇಹವನ್ನು ಕೊಲ್ಲುತ್ತದೆ.

ಪರೀಕ್ಷೆ ಮುಗಿದಲ್ಲಿ ನಂಬಿಕೆಯ ಕೆಲಸ ಮುಗಿಯಲಿಲ್ಲ ಎಂಬುದನ್ನೂ ಅಂದೇ ಕಂಡೆ. ಮೊಮ್ಮಗಳು ಎರಡು ಬೋಲ್ಟುಗಳ ನಡುವೆ ನಿಂತಿದ್ದಳು. ಕೊನೆಯ ಬೋಲ್ಟಿನಿಂದ 2 ಮೀಟರ್ ಮೇಲೆ ಜಾರಿದರೆ ಕನಿಷ್ಠ 4 ಮೀಟರ್ ಕೆಳಗೆ ಬರಬೇಕು, ಅದೂ ಉರುಟು ಕಲ್ಲಿನ ಮೇಲೆ ಉಜ್ಜಿಕೊಂಡು. ಆ ಕ್ಷಣದಲ್ಲಿ ಅವಳು ತಿರುಗಿ ನೋಡಲಾರಳು. ಕೆಳಗಿನವಳ ಕೈ ಹಗ್ಗವನ್ನು ಬಿಟ್ಟಿಲ್ಲ, ಕಣ್ಣು ಅತ್ತಿತ್ತ ಹೋಗಿಲ್ಲ ಎಂಬುದನ್ನು ಅವಳು ನಂಬಲೇಬೇಕು. ನೋಡಿ ತಿಳಿಯಬಹುದಾದುದನ್ನೆಲ್ಲ ಮೊದಲೇ ನೋಡಿಕೊಂಡದ್ದರಿಂದ, ನೋಡಲಾಗದ ಈ ಒಂದನ್ನು ನಂಬಲು ಅವಳಿಗೆ ಧೈರ್ಯವಿತ್ತು. ನಾನು ಸಹಿ ಹಾಕಿದ ದಿನ ನಂಬಿಕೆಯ ಮೇಲೆ ಅದರದ್ದಲ್ಲದ ಹೊರೆಯನ್ನು ಹೊರಿಸಿದ್ದೆ.

ಈ ಸಮ್ಮೇಳನದ ಖರ್ಚುವೆಚ್ಚ ಬರೆಯುವ ಕೆಲಸ ಈ ಬಾರಿ ನನ್ನ ಪಾಲಿಗೆ ಬಂದಿದೆ. ರಸೀದಿಗಳೊಡನೆ ಪುಸ್ತಕವನ್ನು ಸಂಘದ ಕಿರಿಯ ಸದಸ್ಯರೊಬ್ಬರ ಕೈಗಿತ್ತು ತಾಳೆ ನೋಡಲು ಹೇಳಿದೆ. "ಮೇಷ್ಟ್ರೇ, ನಿಮ್ಮ ಲೆಕ್ಕವನ್ನು ನಾನು ನೋಡುವುದೇ?" ಎಂದು ಅವರು ಸಂಕೋಚಪಟ್ಟರು. ನೋಡಿ ಎಂದು ಒತ್ತಾಯಿಸಿದೆ. ಎರಡು ಕಡೆ ಕೂಡುವುದರಲ್ಲಿ ತಪ್ಪಿದ್ದೆ.