ಲ್ಯಾಪ್‌ಟಾಪಿನ ಮುಯ್ಯಿ

ಸಿಇಟಿ ಸೀಟು ಹಂಚಿಕೆ ಶುರುವಾಗ್ತಿದ್ದ ಹಾಗೇ ಬೆಂಗಳೂರಿನ ಐಟಿ ಮಂದಿಗೆ ಸಂಬಳವಿಲ್ಲದ ಒಂದು ಹೆಚ್ಚುವರಿ ಕೆಲಸ ಗಂಟುಬೀಳುತ್ತೆ. ಊರಿನ ದೊಡ್ಡಪ್ಪ, ಹಿಂದೆ ಬಾಡಿಗೆಗಿದ್ದ ಮನೆಯ ಓನರ್, ಹೈಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತು ಆಮೇಲೆ ಹದಿನೈದು ವರ್ಷ ಮಾತೇ ಆಡದ ಗೆಳೆಯ, ಎಲ್ಲರದ್ದೂ ಒಂದೇ ಮೆಸೇಜು. "ಮಗಳು ಕಾಲೇಜಿಗೆ ಹೋಗ್ತಿದಾಳೆ, ಲ್ಯಾಪ್‌ಟಾಪ್ ಕೊಡಿಸ್ಬೇಕು, ಯಾವ್ದು ಒಳ್ಳೇದು?" ನೀವು ಎಚ್ಆರ್‌ನಲ್ಲಿರಿ, ಅಕೌಂಟ್ಸ್‌ನಲ್ಲಿರಿ, ದಿನಾ ಕಂಪ್ಯೂಟರ್ ಮುಂದೆ ಕೂರ್ತೀರಿ ಅಂದ್ಮೇಲೆ ನಿಮಗೆ ಗೊತ್ತಿರಲೇಬೇಕು.

ಈ ಪ್ರಶ್ನೆಗೆ ಉತ್ತರ ಅಷ್ಟೇನೂ ಕಷ್ಟವಲ್ಲ. 16 ಜಿಬಿ ರ‍್ಯಾಮ್, 512 ಜಿಬಿ ಎಸ್ಎಸ್‌ಡಿ, ಬೆನ್ನು ಮುರಿಯದಷ್ಟು ತೂಕ, ಓದೋ ಊರಲ್ಲೇ ಒಂದು ಸರ್ವೀಸ್ ಸೆಂಟರ್. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಹೆಚ್ಚಿಸೋಕಾಗಲ್ಲ, ಕೊಳ್ಳೋವಾಗ್ಲೇ ನೋಡ್ಕೊಳ್ಳಿ. ಮುಗೀತು. ಇದಕ್ಕಿಂತ ಹೆಚ್ಚು ಬೇಕಾದ್ರೆ ಯೂಟ್ಯೂಬಿದೆ.

ನನ್ನ ತಲೆ ತಿಂತಿರೋದು ಬೇರೆ ವಿಷಯ. ಕೊಡೋದು ನಾವು, ಬಳಸೋದು ಅವರು. ಹಾಗಿದ್ಮೇಲೆ ಆರಿಸಬೇಕಾದವರು ಯಾರು? ಕೊಟ್ಟಾದ್ಮೇಲೆ ಅದರ ಮೇಲೆ ನಮ್ಮದೇನಾದ್ರೂ ಉಳಿಯುತ್ತಾ?

ಅಕ್ಕನ ಮಗಳಿಗೆ ಈ ವರ್ಷ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ತು. ಮನೆತನದಲ್ಲಿ ಎಂಜಿನಿಯರಿಂಗಿಗೆ ಹೋಗ್ತಿರೋ ಮೊದಲ ಹುಡುಗಿ, ಲ್ಯಾಪ್‌ಟಾಪ್ ಕೊಡಿಸೋ ಸರದಿ ಸೋದರಮಾವನದ್ದು. ಸುತ್ತಲಿನವರ ಸಲಹೆ ಒಂದೇ: "ಕೊಡ್ಸೋದೇ ಆದ್ರೆ ಮ್ಯಾಕ್‌ಬುಕ್ ಕೊಡ್ಸಪ್ಪ, ಮಾಮ ಕೊಟ್ಟಿದ್ದು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಬೇಕು." ಮ್ಯಾಕ್‌ಬುಕ್ ಒಳ್ಳೇ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸಿವಿಲ್‌ನವರಿಗೆ ಮುಂದೆ ಬೇಕಾಗೋ ರೆವಿಟ್, ಸ್ಟಾಡ್ ಪ್ರೋ ಎರಡೂ ವಿಂಡೋಸ್ ತಂತ್ರಾಂಶಗಳು. ಮ್ಯಾಕ್‌ನಲ್ಲಿ ನೇರವಾಗಿ ನಡೆಯೋದೇ ಇಲ್ಲ. ಮೂರನೇ ವರ್ಷ ಪ್ರಾಜೆಕ್ಟ್ ಹೊತ್ತಿಗೆ ಹುಡುಗಿ ಹಾಸ್ಟೆಲ್ ರೂಮ್‌ಮೇಟಿನ ಲ್ಯಾಪ್‌ಟಾಪಿಗೆ ಕಾಯ್ತಾ ಕೂರಬೇಕು, ತನ್ನ ಬ್ಯಾಗಲ್ಲಿ ಲಕ್ಷ ರೂಪಾಯಿದು ಇಟ್ಕೊಂಡು.

ಅವಳನ್ನೇ ಕೇಳಿದೆ. "ಯಾವ್ದಾದ್ರೂ ಪರ್ವಾಗಿಲ್ಲ ಮಾಮ." ಮತ್ತೆ ಕೇಳಿದೆ. "ನೀವು ಕೊಡ್ಸಿದ್ದು ಚೆನ್ನಾಗೇ ಇರತ್ತೆ." ಮೂರನೇ ಸಲ ಕೇಳಿದಾಗ, ಸೀನಿಯರ್ ಒಬ್ಬಳಿಗೆ ಫೋನ್ ಮಾಡಿ ಅವಳು ಆಗಲೇ ಬರೆದಿಟ್ಟುಕೊಂಡಿದ್ದ ಪಟ್ಟಿ ಹೊರಗೆ ಬಂತು. ವಿಂಡೋಸ್, ಬೇರೆ ಗ್ರಾಫಿಕ್ಸ್ ಕಾರ್ಡು, ರ‍್ಯಾಮ್ ಹೆಚ್ಚಿಸೋಕೆ ಖಾಲಿ ಸ್ಲಾಟು. ಕೊನೇಲಿ, "ಇದು ಕಾಸ್ಟ್ಲಿ ಆದ್ರೆ ಬೇಡ." ಹದಿನೆಂಟು ವರ್ಷದವಳಿಗೆ ತನಗೇನು ಬೇಕು ಅಂತ ಸ್ಪಷ್ಟವಾಗಿ ಗೊತ್ತಿತ್ತು. ಅದನ್ನ ಬಾಯಿಬಿಟ್ಟು ಹೇಳೋದು ತಪ್ಪು ಅನ್ನೋದೂ ಅಷ್ಟೇ ಸ್ಪಷ್ಟವಾಗಿ ಗೊತ್ತಿತ್ತು. ಎರಡನೇ ಪಾಠ ಕಲಿಸಿದ್ದು ನಾವೇ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತ ಗಾದೆ ಬೇರೆ ಮಾಡಿಟ್ಟಿದೀವಿ. ಹಲ್ಲು ನೋಡಿದ್ರೆ ದನದ ವಯಸ್ಸು ಗೊತ್ತಾಗುತ್ತೆ, ವಯಸ್ಸು ಗೊತ್ತಾದ್ರೆ ಕೊಟ್ಟವನ ಬಂಡವಾಳ ಗೊತ್ತಾಗುತ್ತೆ!

ಇಸ್ಕೊಳ್ಳೋರು ಯಾಕಿಷ್ಟು ಹೆದರ್ತಾರೆ ಅಂತ ಯೋಚನೆ ಮಾಡ್ದಾಗ ನೆನಪಾಗಿದ್ದು ಮದುವೆ ಮನೆಯ ಮುಯ್ಯಿ. ನಮ್ಮ ಕಡೆ ಈಗಲೂ ಛತ್ರದಲ್ಲಿ ಒಬ್ಬರು ನೋಟ್‌ಬುಕ್ ಹಿಡ್ಕೊಂಡು ಕೂತಿರ್ತಾರೆ. ಇಂಥವರಿಂದ 501, ಇಂಥವರಿಂದ ಒಂದು ಸ್ಟೀಲ್ ಡಬರಿ. ಆ ಪುಸ್ತಕ ಬೀರುವಿನಲ್ಲಿ ಜೋಪಾನವಾಗಿರುತ್ತೆ. ಅವರ ಮನೇಲಿ ಮದುವೆ ಬಂದಾಗ ಅಮ್ಮ ಅದನ್ನ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ವಾಪಸ್ ಮಾಡ್ತಾಳೆ. ಇನ್ನೊಂದು ಕಡೆ ಇದೇ ಪದಕ್ಕೆ ಸೇಡು ಅನ್ನೋ ಅರ್ಥನೂ ಇದೆ. "ಮುಯ್ಯಿ ತೀರಿಸಿಕೊಂಡ" ಅಂದ್ರೆ ಅವನು ಯಾರಿಗೋ ಡಬರಿ ಕೊಟ್ಟ ಅಂತಲ್ಲ. ಪ್ರೀತಿಯಿಂದ ಕೊಟ್ಟಿದ್ದಕ್ಕೂ ದ್ವೇಷದಿಂದ ಹೊಡೆದಿದ್ದಕ್ಕೂ ಕನ್ನಡ ಒಂದೇ ಮಾತು ಇಟ್ಟುಕೊಂಡಿದೆ, ಯಾಕಂದ್ರೆ ಎರಡೂ ಬಾಕಿ ಉಳಿಸುತ್ವೆ. ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದೂ ಹತ್ತಿರಹತ್ತಿರ ಇದನ್ನೇ: ಕೊಡೋದು, ತಗೊಳ್ಳೋದು, ತಿರುಗಿ ಕೊಡೋದು, ಮೂರೂ ಕಡ್ಡಾಯ. ನಮ್ಮಮ್ಮ ಮೋಸ್‌ನನ್ನ ಓದಿಲ್ಲ, ಪುಸ್ತಕ ಬೀರುವಿನಲ್ಲಿದೆ.

ಮುಯ್ಯಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸರೀಕರ ನಡುವೆ ಅದು ಒಳ್ಳೇ ವ್ಯವಸ್ಥೆ, ಎಷ್ಟೋ ಮದುವೆಗಳು ಅದರಿಂದ್ಲೇ ನಡೆದಿವೆ. ಆದ್ರೆ ಹದಿನೆಂಟು ವರ್ಷದ ಹುಡುಗಿ 70 ಸಾವಿರದ ಲ್ಯಾಪ್‌ಟಾಪಿಗೆ ಮುಯ್ಯಿ ಯಾವುದರಲ್ಲಿ ತೀರಿಸಬೇಕು? ದುಡ್ಡಿಲ್ಲ. ಉಳಿದಿರೋದು ವಿಧೇಯತೆ, ಮಾರ್ಕ್ಸು, ಹಬ್ಬಕ್ಕೊಂದು ಫೋನು. ಇನ್ನು ಕೆಲವು ಮನೆಗಳಲ್ಲಿ, ಹೇಳಿದ ಕಡೆ ಕತ್ತು ಕೊಡೋದು.

"ಪಿಯುಸಿಲಿ ತೊಂಬತ್ತೈದು ತೆಗೆದ್ರೆ ಲ್ಯಾಪ್‌ಟಾಪ್" ಅನ್ನೋ ಅಪ್ಪಂದಿರಿದಾರಲ್ಲ, ಅವರ ಮೇಲೆ ನನಗೆ ಅಷ್ಟು ಕೋಪ ಇಲ್ಲ. ಅದು ಉಡುಗೊರೆಯಲ್ಲ, ಕೂಲಿ. ಕೂಲಿ ಅಂತ ಇಬ್ರಿಗೂ ಗೊತ್ತಿರುತ್ತೆ, ಲೆಕ್ಕ ಅಲ್ಲಿಗೇ ಚುಕ್ತಾ. ಕಷ್ಟ ಇರೋದು ಕೊಟ್ಟಾದ ಮೇಲೆ ಶುರುವಾಗೋ ಷರತ್ತುಗಳದ್ದು. "ನೆಟ್ಟಗೆ ಓದ್ದೇ ಇದ್ರೆ ಕಿತ್ಕೊಂಡುಬಿಡ್ತೀನಿ ನೋಡು." ಇದಕ್ಕೆ ಕಾನೂನಿನಲ್ಲೇ ಒಂದು ಚೆಂದದ ಉತ್ತರ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಸೆಕ್ಷನ್ ಪ್ರಕಾರ ದಾನ ಅಂದ್ರೆ ಸ್ವಂತ ಇಚ್ಛೆಯಿಂದ, ಪ್ರತಿಫಲ ಇಲ್ಲದೆ ಕೊಡೋದು, ಮತ್ತು ಇನ್ನೊಬ್ಬರು ಅದನ್ನ ಒಪ್ಪಿಕೊಳ್ಳೋದು. 126ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತೆ. ಕೊಟ್ಟವನು ತನಗೆ ಬೇಕೆನಿಸಿದಾಗ ವಾಪಸ್ ಪಡೀಬಹುದು ಅಂತ ಮಾತಾಗಿದ್ರೆ, ಅಂಥ ದಾನ ಅಷ್ಟರಮಟ್ಟಿಗೆ ಅನೂರ್ಜಿತ. ಅಂದ್ರೆ ದಾರ ಕಟ್ಟಿ ಕೊಟ್ಟಿದ್ದನ್ನ ಕಾನೂನು ಕೊಟ್ಟಿದ್ದು ಅಂತಲೇ ಪರಿಗಣಿಸಲ್ಲ. ಮಾವಂದಿರ ವಿರುದ್ಧ ಯಾರೂ ಕೋರ್ಟಿಗೆ ಹೋಗಲ್ಲ, ನಿಜ. ಆದ್ರೂ ಬ್ರಿಟಿಷರ ಕಾಲದ ಕಾಯ್ದೆಗೆ ಹೊಳೆದಿದ್ದು ನಮಗೆ ಹೊಳೆಯದೇ ಇರಬಾರದಲ್ಲ.

ದಾರ ಈಗ ಸಾಫ್ಟ್‌ವೇರ್ ರೂಪದಲ್ಲೂ ಸಿಗುತ್ತೆ. ಅಕ್ಕ ಫೋನ್ ಮಾಡಿದ್ಲು. "ಅದೇನೋ ಇರತ್ತಂತಲ್ಲೋ, ಅವ್ಳು ಏನು ನೋಡ್ತಾಳೆ ಅಂತ ನಮ್ಗೂ ಗೊತ್ತಾಗೋ ಥರ. ಹೇಗೂ ಸೆಟಪ್ ಮಾಡೋನು ನೀನೇ, ಹಾಕ್ಕೊಟ್ಬಿಡು." ಅವಳ ಭಯ ನನಗೆ ಅರ್ಥವಾಗುತ್ತೆ. ಮೊದಲ ಸಲ ಮನೆ ಬಿಟ್ಟು ಹಾಸ್ಟೆಲಿಗೆ ಹೋಗ್ತಿರೋ ಮಗಳು, ರಾತ್ರಿ ಎರಡು ಗಂಟೆವರೆಗೆ ವೆಬ್ ಸೀರೀಸ್ ನೋಡಲ್ಲ ಅಂತ ನಾನು ಗ್ಯಾರಂಟಿ ಕೊಡೋಕಾಗಲ್ಲ. ನೋಡೇ ನೋಡ್ತಾಳೆ. ಹಾಗಂತ ಅಡ್ಮಿನ್ ಪಾಸ್‌ವರ್ಡ್ ನನ್ನತ್ರ ಇಟ್ಕೊಂಡು ಕೊಟ್ರೆ ಅದು ಕೊಟ್ಟಿದ್ದಾಗಲ್ಲ, ನನ್ನ ಲ್ಯಾಪ್‌ಟಾಪನ್ನ ಅವಳ ರೂಮಲ್ಲಿ ಇಟ್ಟಿದ್ದಾಗುತ್ತೆ. "ಹಾಕಲ್ಲ ಕಣೆ, ನಿನಗೆ ಭಯ ಇದ್ರೆ ಅವಳತ್ರನೇ ಮಾತಾಡು" ಅಂದೆ. "ನಿನಗೆ ಮಕ್ಳಾಗ್ಲಿ ಆಗ ಗೊತ್ತಾಗತ್ತೆ" ಅಂತ ಫೋನಿಟ್ಟಳು. ಇರಬಹುದು.

ಅಂಗಡಿಯಲ್ಲಿ ಬಿಲ್ ಯಾರ ಹೆಸರಿಗೆ ಸರ್ ಅಂತ ಕೇಳಿದ್ರು. ವಾರಂಟಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ನೋಡ್ಕೊಂಡು ನಡೆಯುತ್ತೆ, ಹೆಸರು ಯಾವುದಾದ್ರೇನು. ಆದ್ರೂ ಅವಳ ಹೆಸರೇ ಹೇಳಿದೆ.

ಹೆಸರಿನ ಈ ಆಸೆ ಮಾವಂದಿರದ್ದು ಮಾತ್ರ ಅಲ್ಲ. ತಮಿಳುನಾಡಲ್ಲಿ 2011ರಲ್ಲಿ ಶುರುವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಯಂತ್ರದ ಮೇಲೆ ಜಯಲಲಿತಾ ಅವರ ಚಿತ್ರ ಇತ್ತು. 2013ರಲ್ಲಿ ಉತ್ತರ ಪ್ರದೇಶ ಸರ್ಕಾರ ಹಂಚಿದ ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಪರದೆ ಮೇಲೆ ಮುಲಾಯಂ ಸಿಂಗ್ ಮತ್ತು ಅಖಿಲೇಶ್ ಯಾದವ್ ಬರ್ತಿದ್ರು. ನಾವೆಲ್ಲ ಆಗ ನಕ್ಕಿದ್ವಿ. ಜನರ ತೆರಿಗೆ ದುಡ್ಡಲ್ಲಿ ಕೊಟ್ಟು ಮುಖ ಅಂಟಿಸೋದು ಕೆಟ್ಟದ್ದೇ. ಆದ್ರೆ ಆ ಹುಡುಗರಿಗೆ ಒಂದು ಅನುಕೂಲ ಇತ್ತು: ಅಂಟಿಸಿದ ಮುಖ ಕಣ್ಣಿಗೆ ಕಾಣ್ತಿತ್ತು, ಮೇಲೊಂದು ಸ್ಟಿಕರ್ ಹಾಕಬಹುದಿತ್ತು. ಪ್ರತಿ ಸೆಮಿಸ್ಟರ್ ರಿಸಲ್ಟಿಗೆ "ನಾನು ಕೊಡ್ಸಿದ ಲ್ಯಾಪ್‌ಟಾಪಲ್ಲಿ ಏನ್ ಓದ್ತಿದೀಯಮ್ಮ" ಅಂತ ಕೇಳೋ ಮಾವನ ಮುಖದ ಮೇಲೆ ಯಾವ ಸ್ಟಿಕರ್ ಹಾಕೋದು?

ಇಷ್ಟೆಲ್ಲ ನಮ್ಮ ಮನೆ ಮಕ್ಕಳ ಬಗ್ಗೆ. ಅವರಿಗೆ ಕೊಡುವಾಗ ನಾವು ರೀವ್ಯೂ ಓದ್ತೀವಿ, ಬೆಲೆ ಹೋಲಿಸ್ತೀವಿ, ಆಫರ್ ಕಾಯ್ತೀವಿ. ಇದೇ ತಿಂಗಳು ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಇನ್ನೊಂದು ಮೆಸೇಜ್ ಬಂತು. "ಹಳೇ ಲ್ಯಾಪ್‌ಟಾಪ್ ಇದೆ, ಬ್ಯಾಟರಿ ಹೋಗಿದೆ, ಬಡ ವಿದ್ಯಾರ್ಥಿಗಳು ಯಾರಾದ್ರೂ ಇದ್ರೆ ತಿಳಿಸಿ." ಕೈ ಮುಗಿದ ಎಮೋಜಿಗಳು ಸಾಲಾಗಿ ಬಿದ್ದವು. ಎರಡು ಮೂರು ಫ್ಲ್ಯಾಟಿನಲ್ಲಿ ಮನೆಗೆಲಸ ಮಾಡೋ ಒಬ್ಬರ ಮಗ ಈ ವರ್ಷ ಬಿಕಾಂ ಸೇರಿದಾನೆ, ಅವನಿಗೇ ಕೊಟ್ರಾಯ್ತು ಅಂತ ತೀರ್ಮಾನ ಆಯ್ತು. 2015ರ ಯಂತ್ರ. ಪ್ಲಗ್ ಕಿತ್ತರೆ ಆರಿಹೋಗುತ್ತೆ. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅಷ್ಟು ಹಳೇ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ.

ಕಠೋಪನಿಷತ್ತು ಶುರುವಾಗೋದು ಇಂಥದೇ ಒಂದು ಮನೇಲಿ. ಅಪ್ಪ ಎಲ್ಲವನ್ನೂ ದಾನ ಮಾಡೋ ಯಾಗ ಮಾಡ್ತಿದಾನೆ, ಕೊಡ್ತಿರೋ ಹಸುಗಳು ಮಾತ್ರ ಕುಡಿಯೋ ನೀರೆಲ್ಲ ಕುಡಿದು, ತಿನ್ನೋ ಹುಲ್ಲೆಲ್ಲ ತಿಂದು, ಕರೆಯೋ ಹಾಲೆಲ್ಲ ಕರೆದು ಮುಗಿದ ಬಡಕಲು ಹಸುಗಳು. ಪಕ್ಕದಲ್ಲಿ ನಿಂತ ಮಗ ನಚಿಕೇತನಿಗೆ ಕಸಿವಿಸಿ ಆಗುತ್ತೆ. ಆಮೇಲಿನ ಯಮಲೋಕ, ಆತ್ಮವಿದ್ಯೆ ಎಲ್ಲ ನಮಗೆ ನೆನಪಿದೆ. ಅಷ್ಟಕ್ಕೂ ಕಾರಣವಾದ ಆ ಹಸುಗಳು ಮರೆತುಹೋಗಿವೆ. ಹಲ್ಲು ಎಣಿಸಬಾರದು ಅನ್ನೋ ಗಾದೆ ಇಸ್ಕೊಳ್ಳೋರಿಗೆ. ನಚಿಕೇತ ಕೊಡೋರ ಮನೆಯವನು, ಕೊಡೋರ ಕಡೆ ನಿಂತು ಹಲ್ಲು ಎಣಿಸಿದ.

ಹಳೇದು ಕೊಡಬಾರದು ಅಂತಲ್ಲ. ಎಸ್‌ಪಿ ರೋಡಿಗೆ ಹೋದ್ರೆ ಕಂಪನಿಗಳಿಂದ ಬಂದ ಹಳೇ ಲ್ಯಾಪ್‌ಟಾಪ್‌ಗಳನ್ನ ರಿಪೇರಿ ಮಾಡಿ ಮಾರೋ ಅಂಗಡಿಗಳ ಸಾಲೇ ಇದೆ, ನೋಡಿ ತಂದ್ರೆ ಡಿಗ್ರಿ ಮುಗಿಯೋವರೆಗೂ ಬರೋ ಯಂತ್ರ ಸಿಗುತ್ತೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿ, ಹೊಸ ಬ್ಯಾಟರಿ ಕೂರಿಸಿದ್ರೆ ಎಷ್ಟೋ ಲ್ಯಾಪ್‌ಟಾಪಿಗೆ ಮತ್ತೆ ಜೀವ ಬರುತ್ತೆ. ಬರೀ ಬ್ರೌಸಿಂಗು, ಟೈಪಿಂಗು ಸಾಕು ಅನ್ನೋರಿಗೆ ಲಿನಕ್ಸ್ ಹಾಕಿಕೊಡಬಹುದು. ಆದ್ರೆ ಯಾರಿಗೆ ಏನು ಸಾಕು ಅಂತ ತಿಳಿಯೋಕೆ ಕೇಳಬೇಕು. ಅಕ್ಕನ ಮಗಳನ್ನ ಮೂರು ಸಲ ಕೇಳಿದ ಹಾಗೆ ಈ ಹುಡುಗನನ್ನ ಯಾರೂ ಒಂದು ಸಲವೂ ಕೇಳಿರಲಿಲ್ಲ.

ಅವನೇ ಕೇಳಿದ. ಲಾಬಿಯಲ್ಲಿ ಬ್ಯಾಗ್ ಕೈಗೆ ಕೊಟ್ಟಾಗ ತೆರೆದು, ಆನ್ ಮಾಡಿ, ಸ್ವಲ್ಪ ಹೊತ್ತು ನೋಡಿ, "ಆಂಟಿ, ಇದ್ರಲ್ಲಿ ಟ್ಯಾಲಿ ಪ್ರೈಮ್ ಬರತ್ತಾ? ಚಾರ್ಜ್ ನಿಲ್ಲಲ್ವಾ?" ಅಂದ. ಅವನ ಅಮ್ಮ ಗಾಬರಿಯಿಂದ ಅವನ ತೋಳು ಹಿಡಿದು "ಸುಮ್ನಿರೋ" ಅಂದ್ರು. ಸಂಜೆ ಗ್ರೂಪಲ್ಲಿ ಒಬ್ಬರು ಬರೆದ್ರು, ಕೊಟ್ಟಿದ್ದೇ ಹೆಚ್ಚು, ಈಗಿನ ಹುಡುಗ್ರಿಗೆ ಕೃತಜ್ಞತೆ ಅನ್ನೋದೇ ಇಲ್ಲ ಅಂತ. ಅದಕ್ಕೆ ಹದಿನಾಲ್ಕು ಥಂಬ್ಸ್ ಅಪ್. ನಾನು ಕೆಳಗೆ ಬರೆದೆ: ಬ್ಯಾಟರಿ, ಎಸ್ಎಸ್‌ಡಿ ಎರಡೂ ಹಾಕಿಸಿದ್ರೂ ಈ ಯಂತ್ರದ ವಿಂಡೋಸ್ ಸಮಸ್ಯೆ ಹೋಗಲ್ಲ, ಎಂಟು ಮನೆಯವರು ಸೇರಿದ್ರೆ ಎಸ್‌ಪಿ ರೋಡಲ್ಲಿ ಅವನಿಗೆ ಬೇಕಾದ್ದೇ ಸಿಗುತ್ತೆ, ಅವನನ್ನೇ ಜೊತೆಗೆ ಕರ್ಕೊಂಡು ಹೋಗ್ತೀನಿ, ಅವನೇ ನೋಡಿ ಆರಿಸಲಿ. ಇಲ್ಲೀತನಕ ನನ್ನನ್ನೂ ಸೇರಿಸಿ ಐದು ಮನೆ ಆಗಿದೆ.