ಹೊಂದಿಕೊಂಡವರ ಪಾಡು

ಪರದೇಶದಿಂದ ಅಧ್ಯಾಪಕರನ್ನು ಆರಿಸಿ ತರುವ ಸಮಿತಿಯವರು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: “ನಮ್ಮಲ್ಲಿಗೆ ಬಂದು ಹೊಂದಿಕೊಳ್ಳಬಲ್ಲಿರಾ?” ಹೊಂದಿಕೊಂಡ ಮೇಲೆ ಆತನನ್ನು ತಾವು ಹೇಗೆ ನಡೆಸಿಕೊಂಡೇವೆಂದು ಸಮಿತಿ ತನ್ನನ್ನೇ ಕೇಳಿಕೊಳ್ಳುವುದು ಅಪರೂಪ. ಲಾಫ್ಕಾಡಿಯೊ ಹರ್ನ್ ಅವರ ಕಥೆಯನ್ನು ಓದಿದಾಗಲೆಲ್ಲ ಈ ಎರಡನೆಯ ಪ್ರಶ್ನೆ ನನ್ನನ್ನು ಕಾಡುತ್ತದೆ.

ಮೇಯ್ಜಿ ಕಾಲದ ಜಪಾನು ಪಶ್ಚಿಮದ ವಿದ್ಯೆಗಾಗಿ ಹೊರಗಿನವರನ್ನು ಕೈತುಂಬ ಸಂಬಳ ಕೊಟ್ಟು ಕರೆಸಿತು; ತನ್ನವರು ಕಲಿತ ಮೇಲೆ ಕಳುಹಿಸಿಕೊಟ್ಟಿತು. ಇದರಲ್ಲಿ ಮೋಸವೇನಿಲ್ಲ, ಕರಾರೇ ಹಾಗಿತ್ತು. ಹರ್ನ್ 1890ರಲ್ಲಿ ಅಲ್ಲಿಗೆ ಹೋದದ್ದು ಪತ್ರಿಕೆಗೆ ಬರೆಯಲೆಂದು. ವಿಶ್ವವಿದ್ಯಾನಿಲಯದ ಪದವಿ ಅವರಿಗಿರಲಿಲ್ಲ. (ಇಂದಿನ ಯಾವ ಸಮಿತಿಯೂ ಅವರ ಅರ್ಜಿಯನ್ನು ಎರಡನೆಯ ಸಲ ನೋಡದು.) ಮತ್ಸುಯೆ ಎಂಬ ಊರಿನಲ್ಲಿ ಶಾಲೆಯ ಮೇಷ್ಟರಾದರು, ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವರ ಕೈಹಿಡಿದರು. ಹೆಂಡತಿ ಮಕ್ಕಳ ಹಕ್ಕಿಗೆ ತೊಡಕಾಗಬಾರದೆಂದು 1896ರಲ್ಲಿ ಜಪಾನಿನ ಪ್ರಜೆಯಾಗಿ, ಕೊಯಿಜುಮಿ ಯಾಕುಮೊ ಎಂದು ಹೆಸರನ್ನೂ ಬದಲಾಯಿಸಿಕೊಂಡರು. ಅದೇ ವರ್ಷ ತೋಕಿಯೋದ ಇಂಪೀರಿಯಲ್ ವಿಶ್ವವಿದ್ಯಾನಿಲಯ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಲು ಅವರನ್ನು ಕರೆಯಿತು. ಅವರ ಪಾಠವನ್ನು ವಿದ್ಯಾರ್ಥಿಗಳು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು. ಆ ಟಿಪ್ಪಣಿಗಳೇ ಮುಂದೆ ಪುಸ್ತಕಗಳಾದವು.

ಹೊಂದಿಕೊಳ್ಳುವುದೆಂದರೆ ಇದಕ್ಕಿಂತ ಹೆಚ್ಚೇನಿದ್ದೀತು? ಆದರೂ ಹರ್ನ್ ಜಪಾನೀ ಭಾಷೆಯನ್ನು ಚೆನ್ನಾಗಿ ಓದಲು ಕಲಿಯಲೇ ಇಲ್ಲ. ಗಂಡಹೆಂಡಿರು ತಮ್ಮದೇ ಒಂದು ಮುರುಕು ಮಾತಿನಲ್ಲಿ ಸಂಸಾರ ನಡೆಸಿದರು. ತೋಕಿಯೋ ಅವರಿಗೆ ಹಿಡಿಸಲಿಲ್ಲ. ಅವರು ಒಲಿದದ್ದು ಹಳೆಯ ಜಪಾನಿಗೆ. ಆ ದೇಶವೋ ಹಳೆಯದನ್ನು ಕಳಚಿಹಾಕುವ ಅವಸರದಲ್ಲಿತ್ತು. ಇದನ್ನೆಲ್ಲ ಯಾವ ಸಂದರ್ಶನದಲ್ಲಿ ಅಳೆಯುವುದು?

1903ರಲ್ಲಿ ವಿಶ್ವವಿದ್ಯಾನಿಲಯ ಅವರ ಕರಾರನ್ನು ಮುಂದುವರಿಸಲಿಲ್ಲ. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಫಲವಾಗಲಿಲ್ಲ. ವಿಶ್ವವಿದ್ಯಾನಿಲಯದ ಪರವಾಗಿಯೂ ಹೇಳಬೇಕಾದದ್ದುಂಟು. ಸ್ವದೇಶದ ವಿದ್ವಾಂಸರು ಕಲಿತು ಹಿಂದಿರುಗುತ್ತಿರುವಾಗ, ತಾನೇ ಜಪಾನೀಯನಾದವನಿಗೆ ವಿದೇಶೀಯನ ಸಂಬಳವೇಕೆ? ಮನೆಮಠ ಬಿಟ್ಟು ಬಂದದ್ದಕ್ಕೆ ತಾನೆ ಆ ಹೆಚ್ಚಿನ ಹಣ? ಲೆಕ್ಕ ಸರಿಯಾಗಿಯೇ ಇದೆ. ಆದರೆ ಮನೆ ಬಿಟ್ಟು ಬಂದವನಿಗೆ ಹಿಂದಿರುಗಲೊಂದು ಮನೆಯಿರುತ್ತದೆ. ಹರ್ನ್ ಅವರಿಗೆ ಅದೂ ಉಳಿದಿರಲಿಲ್ಲ. ದೇಶಕ್ಕೆ ಅವರು ಕೊಟ್ಟ ಒಲವೇ ಅವರ ಬೆಲೆಯನ್ನು ಇಳಿಸಿತೆಂಬುದು ಮಾತ್ರ ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಅವರ ಜಾಗಕ್ಕೆ ಬಂದವರಲ್ಲಿ ನತ್ಸುಮೆ ಸೋಸೆಕಿ ಒಬ್ಬರು. 1900ರಿಂದ ಎರಡು ವರ್ಷ ಲಂಡನ್ನಿನಲ್ಲಿದ್ದು, ಅಲ್ಲಿಗೆ ಒಗ್ಗಲಾರದೆ ಕೋಣೆಯಲ್ಲಿ ಪುಸ್ತಕಗಳ ನಡುವೆ ಬೆಂದು ಬಂದವರು! ಮೊದಮೊದಲು ವಿದ್ಯಾರ್ಥಿಗಳು ಅವರನ್ನು ಹರ್ನ್ ಅವರೊಡನೆ ಹೋಲಿಸಿ ಗೊಣಗಿದರು. ಮುಂದೆ ಜಪಾನಿನ ಮಹಾ ಕಾದಂಬರಿಕಾರರಾದವರು ಇವರೇ.

ಹರ್ನ್ ಅವರನ್ನು 1904ರಲ್ಲಿ ವಾಸೆದಾ ವಿಶ್ವವಿದ್ಯಾನಿಲಯ ಕರೆದುಕೊಂಡಿತು. ಕೆಲವು ತಿಂಗಳು ಪಾಠ ಹೇಳಿದರು. ಆ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 54 ವರ್ಷ.